ಡಂಪಿಂಗ್ ಯಾರ್ಡ್‌ಗೆ ಹೋಗುವ ಕಸಕ್ಕೆ ಟನ್ ಲೆಕ್ಕದಲ್ಲಿ ಶುಲ್ಕ ಹಾಕಿದರೆ ಕಸ ಕಡಿಮೆ ಆಗುತ್ತಾ?

ಗೋಕುಲ ರೋಡ್ ಖಜಾಂಚಿ

ನಮಸ್ಕಾರ್ರೀ ಎಲ್ಲರಿಗೂ. ನಮ್ಮ ಅಪಾರ್ಟ್‌ಮೆಂಟಿನಲ್ಲಿ 48 ಮನೆ. ಈ ವರ್ಷ ಸಂಘದ ಲೆಕ್ಕ ನೋಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಕಸದ ವಿಷಯ ಬಂದರೆ ಸಭೆ ಮುಗಿಯುವುದೇ ಇಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕೇಂದ್ರ ಸರ್ಕಾರದ 2026ರ ಘನತ್ಯಾಜ್ಯ ನಿಯಮಗಳಿಗೆ ಏಪ್ರಿಲ್ 1 ಜಾರಿಯ ದಿನ. ಅದರಲ್ಲಿ ಒಂದು ಅಂಶ ಇದೆ. ವಿಂಗಡಿಸದ ಕಸವನ್ನು ಲ್ಯಾಂಡ್‌ಫಿಲ್‌ಗೆ (ಕಸ ಹೂಳುವ ಜಾಗಕ್ಕೆ) ಕಳಿಸಿದರೆ ಆ ನಗರಸಂಸ್ಥೆ ಜಾಸ್ತಿ ಶುಲ್ಕ ಕಟ್ಟಬೇಕು. ಎಷ್ಟು ಜಾಸ್ತಿ ಅಂದರೆ, ಕಸ ಬೇರ್ಪಡಿಸಿ, ಸಾಗಿಸಿ, ಸಂಸ್ಕರಿಸುವ ಖರ್ಚಿಗಿಂತ ಜಾಸ್ತಿ. ಸುಮ್ನೆ ಸುರಿದು ಬರುವುದು ದುಬಾರಿ, ವಿಂಗಡಿಸುವುದು ಅಗ್ಗ ಆಗಬೇಕು ಅನ್ನುವುದು ಉದ್ದೇಶ.

ನನ್ನ ಪ್ರಶ್ನೆ ಇಷ್ಟೇ. ಶುಲ್ಕ ಕಟ್ಟುವವರು ನಗರಸಂಸ್ಥೆ. ಕಸ ಕಲಸುವವರು ನಾವು. ಒಬ್ಬರ ಜೇಬಿಗೆ ಕೈ ಹಾಕಿದರೆ ಇನ್ನೊಬ್ಬರ ಅಭ್ಯಾಸ ಬದಲಾಗುತ್ತಾ? ಹೊರದೇಶದಲ್ಲಿ ಇದು ನಡೆದಿದೆಯಂತೆ. ಗೊತ್ತಿದ್ದವರು ಹೇಳಿ.

ಸೆಸ್ ಸಂತ್ರಸ್ತ

ಮತ್ತೊಂದು ತೆರಿಗೆಗೆ ಮುಹೂರ್ತ ಇಟ್ಟರು. ಆಸ್ತಿ ತೆರಿಗೆ ಜೊತೆ ಕಸದ ಸೆಸ್ ಕಟ್ಟುತ್ತಿಲ್ವಾ ನಾವು?

ಕೇಶ್ವಾಪುರ ಟು ಲೀಡ್ಸ್

ಖಜಾಂಚಿ ಸರ್, ಬ್ರಿಟನ್ನಿನ ಕಥೆ ನಾನು ಹೇಳುತ್ತೇನೆ. ಇಲ್ಲಿ ಲ್ಯಾಂಡ್‌ಫಿಲ್ ತೆರಿಗೆ ಶುರುವಾಗಿದ್ದು 1996ರ ಅಕ್ಟೋಬರ್ 1ಕ್ಕೆ. ಆಗ ಟನ್ನಿಗೆ 7 ಪೌಂಡ್. ಕಲ್ಲು, ಮಣ್ಣಿನಂಥ ಕೊಳೆಯದ ಕಸಕ್ಕೆ 2 ಪೌಂಡ್. 7 ಪೌಂಡ್‌ಗೆ ಯಾರೂ ಹೆದರಲಿಲ್ಲ. ಆಮೇಲೆ 2008ರಿಂದ ವರ್ಷಕ್ಕೆ 8 ಪೌಂಡ್‌ನಂತೆ ಏರಿಸುತ್ತಾ ಹೋದರು. 2014ಕ್ಕೆ 80 ಪೌಂಡ್ ಆಯಿತು. 2025ರ ಏಪ್ರಿಲ್‌ನಲ್ಲಿ 126.15 ಪೌಂಡ್. ಅಂದರೆ ಟನ್ನಿಗೆ ಹತ್ತಿರ ಹತ್ತಿರ 14 ಸಾವಿರ ರೂಪಾಯಿ.

ಮುಖ್ಯ ವಿಷಯ, ಏರುತ್ತದೆ ಅಂತ ಮೊದಲೇ ಹೇಳಿ ಏರಿಸಿದರು. ಮುಂದಿನ ಕೆಲವು ವರ್ಷ ಎಷ್ಟು ಕಟ್ಟಬೇಕಾಗುತ್ತದೆ ಅಂತ ಕೌನ್ಸಿಲ್‌ಗಳಿಗೆ, ಅಂದರೆ ಇಲ್ಲಿಯ ನಗರಸಂಸ್ಥೆಗಳಿಗೆ, ಗೊತ್ತಿತ್ತು. ಹಾಗಾಗಿ ವಿಂಗಡಣೆ ಘಟಕಕ್ಕೆ ದುಡ್ಡು ಹಾಕುವ ಧೈರ್ಯ ಬಂತು. 2000ದ ಸುಮಾರಿಗೆ ಇಂಗ್ಲೆಂಡಿನ ಕೌನ್ಸಿಲ್‌ಗಳ ಕಸದಲ್ಲಿ ನೂರಕ್ಕೆ ಎಂಬತ್ತರಷ್ಟು ಹೂಳುತ್ತಿದ್ದರು. ಈಗ ಹತ್ತಕ್ಕಿಂತ ಕಡಿಮೆ.

ಇನ್ನು ನಿಮ್ಮ ಪ್ರಶ್ನೆ. ಇಲ್ಲೂ ಮನೆಯವರು ಆ ತೆರಿಗೆಯನ್ನು ನೇರ ಕಟ್ಟುವುದಿಲ್ಲ. ಲ್ಯಾಂಡ್‌ಫಿಲ್ ನಡೆಸುವವನು ಸರ್ಕಾರಕ್ಕೆ ಕಟ್ಟುತ್ತಾನೆ, ಅದನ್ನು ಕೌನ್ಸಿಲ್ ಮತ್ತು ವ್ಯಾಪಾರಿಗಳಿಂದ ವಸೂಲಿ ಮಾಡುತ್ತಾನೆ. ಕೌನ್ಸಿಲ್‌ಗೆ ಬಿಸಿ ತಟ್ಟಿತು. ಅವರು ಮಿಶ್ರ ಕಸದ ಡಬ್ಬಿ ಎತ್ತುವುದನ್ನು ವಾರಕ್ಕೊಮ್ಮೆ ಇದ್ದದ್ದು ಎರಡು ವಾರಕ್ಕೊಮ್ಮೆ ಮಾಡಿದರು, ಒಣ ಕಸಕ್ಕೆ ಬೇರೆ ಡಬ್ಬಿ ಕೊಟ್ಟರು. ಮಿಶ್ರ ಕಸದ ಡಬ್ಬಿ ತುಂಬಿ ತುಳುಕಿದರೆ ಜನ ತಾವೇ ವಿಂಗಡಿಸುತ್ತಾರೆ.

ಸೆಸ್ ಸಂತ್ರಸ್ತ

ಎರಡು ವಾರಕ್ಕೊಮ್ಮೆ! ಲೀಡ್ಸ್ ಚಳಿಯಲ್ಲಿ ನಡೆಯುತ್ತದೆ ಅಣ್ಣಾ. ನಮ್ಮ ಏಪ್ರಿಲ್‌ನಲ್ಲಿ ಎರಡು ದಿನ ಬಿಟ್ಟರೆ ಓಣಿಗೆ ಓಣಿಯೇ ಮೂಗು ಮುಚ್ಚಿಕೊಳ್ಳುತ್ತದೆ.

ಟ್ರ್ಯಾಕ್ಟರ್ ಮಾಲೀಕ, ಹಳೇ ಹುಬ್ಬಳ್ಳಿ

ನಾನು ಟ್ರ್ಯಾಕ್ಟರ್ ಬಾಡಿಗೆಗೆ ಬಿಡುತ್ತೇನೆ. ಹಳೇ ಮನೆ ಕೆಡವಿದ ಮಣ್ಣು, ಇಟ್ಟಿಗೆ ಚೂರು, ಮಂಗಳೂರು ಹೆಂಚು, ಇವೇ ನನ್ನ ಟ್ರಿಪ್. ನೀವೆಲ್ಲ ಶುಲ್ಕ ಶುಲ್ಕ ಅನ್ನುತ್ತೀರಿ. ನಡೆಯುವುದು ಏನು ಅಂತ ಹೇಳುತ್ತೇನೆ ಕೇಳಿ. ಡೀಸೆಲ್, ಆಳು, ಬಾಡಿಗೆ ಸೇರಿಸಿ ರೇಟ್ ಹೇಳಿದರೆ ಮನೆ ಕಟ್ಟಿಸುವವರು ಅದಕ್ಕೇ ಚೌಕಾಸಿ ಮಾಡುತ್ತಾರೆ. ಅದರ ಮೇಲೆ "ಯಾರ್ಡ್‌ನಲ್ಲಿ ಟನ್ನಿಗೆ ಇಷ್ಟು ಕಟ್ಟಬೇಕು ಸಾಹೇಬ್ರೇ" ಅಂದರೆ ಒಂದೇ ಉತ್ತರ: "ಎಲ್ಲಾದರೂ ಹಾಕಿ ಬಾರಪ್ಪ, ನನಗೆ ಹೇಳಬೇಡ."

ಎಲ್ಲಾದರೂ ಅಂದರೆ ಎಲ್ಲಿ? ಬೈಪಾಸ್ ಬದಿ. ನಾಲಾ ದಂಡೆ. ಖಾಲಿ ಸೈಟ್. ಯಾರೂ ನೋಡದ ಹೊತ್ತು. ಶುಲ್ಕ ಏರಿದಷ್ಟೂ ರಾತ್ರಿ ಟ್ರಿಪ್ ಏರುತ್ತವೆ. ನಾನು ಮಾಡುವುದಿಲ್ಲ, ಮಾಡುವವರನ್ನು ನೋಡಿದ್ದೇನೆ.

ಕೇಶ್ವಾಪುರ ಟು ಲೀಡ್ಸ್

ನೀವು ಹೇಳಿದ್ದು ನೂರಕ್ಕೆ ನೂರು ನಿಜ ಅಣ್ಣಾ. ಇಲ್ಲೂ ಅದೇ ಗೋಳು. ಹೊಲದ ಗೇಟ್ ಮುಂದೆ ರಾತ್ರೋರಾತ್ರಿ ಲಾರಿ ಕಸ ಬಿದ್ದಿರುತ್ತದೆ, ರೈತನೇ ತನ್ನ ದುಡ್ಡಲ್ಲಿ ತೆಗೆಸಬೇಕು. ಇನ್ನೊಂದು ಆಟ ಇದೆ. ಮಣ್ಣಿಗೆ ಕಡಿಮೆ ದರ ಅಂದೆನಲ್ಲ, 2025ರಲ್ಲಿ ಅದು ಟನ್ನಿಗೆ 4.05 ಪೌಂಡ್. ಬೇರೆ ಕಸಕ್ಕೆ 126. ಈ ಅಂತರ ನೋಡಿ. ಕಸವನ್ನು ಜರಡಿ ಹಿಡಿದು ಪುಡಿ ಮಾಡಿ "ಇದು ಮಣ್ಣು ಸ್ವಾಮಿ" ಅಂತ ಹಾಕುವವರು ಹುಟ್ಟಿಕೊಂಡರು. ಕೊನೆಗೆ 2015ರಿಂದ ಆ ಪುಡಿಯನ್ನು ಸುಟ್ಟು ತೂಕ ನೋಡುವ ಪರೀಕ್ಷೆ ತಂದರು. ಮಣ್ಣಾದರೆ ತೂಕ ಅಷ್ಟಾಗಿ ಇಳಿಯುವುದಿಲ್ಲ. ಕಾಗದ, ಕಟ್ಟಿಗೆ, ಪ್ಲಾಸ್ಟಿಕ್ ಇದ್ದರೆ ಉರಿದು ಹೋಗುತ್ತದೆ, ಸಿಕ್ಕಿಬೀಳುತ್ತಾನೆ.

ವೇಲ್ಸ್‌ನವರು ಇನ್ನೂ ಜಾಣರು. 2018ರಲ್ಲಿ ತಮ್ಮದೇ ತೆರಿಗೆ ತಂದಾಗ, ಪರವಾನಗಿ ಇಲ್ಲದ ಜಾಗದಲ್ಲಿ ಸುರಿದ ಕಸಕ್ಕೂ ತೆರಿಗೆ ಇಟ್ಟರು. ಅದೂ ಒಂದೂವರೆ ಪಟ್ಟು. ಕದ್ದು ಸುರಿದರೆ ತೆರಿಗೆ ತಪ್ಪುವುದಿಲ್ಲ, ಏರುತ್ತದೆ.

ನಿವೃತ್ತ ಜೆ.ಇ., ನವನಗರ

ಲೀಡ್ಸ್ ತಮ್ಮಾ, ಒಳ್ಳೆ ಮಾಹಿತಿ. ಆದರೆ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ಫರಕು ಇದೆ. ಅದನ್ನು ತಿಳಿಯದೆ ಮಾತಾಡಿದರೆ ದಾರಿ ತಪ್ಪುತ್ತೇವೆ.

ಅಲ್ಲಿ ಲ್ಯಾಂಡ್‌ಫಿಲ್ ಅಂದರೆ ಕೆಳಗೆ ಹಾಸು ಹಾಕಿ, ಕಸದಿಂದ ಇಳಿಯುವ ಕೊಳಕು ನೀರು ಹಿಡಿಯಲು ಪೈಪ್ ಇಟ್ಟು, ಗೇಟಿನಲ್ಲಿ ತೂಕ ಮಾಡಿ ಒಳಗೆ ಬಿಡುವ ಜಾಗ. ನಮ್ಮ ಕಡೆಯ ಊರುಗಳಲ್ಲಿ ಇರುವುದು ಹೆಚ್ಚಾಗಿ ಬಯಲಲ್ಲಿ ಸುರಿದ ಗುಡ್ಡ. ಹುಬ್ಬಳ್ಳಿಗೆ ಕಾರವಾರ ರಸ್ತೆ, ಧಾರವಾಡಕ್ಕೆ ಹೊಸಯಲ್ಲಾಪುರ, ಎಲ್ಲರಿಗೂ ಗೊತ್ತಿರುವ ಯಾರ್ಡ್‌ಗಳೇ. ಬಯಲಿಗೆ ತೆರಿಗೆ ಹಾಕಬೇಕಾದರೆ ಮೊದಲು ಬೇಲಿ, ಗೇಟು, ವೇಬ್ರಿಜ್ ಬೇಕು. ತೂಕವೇ ಇಲ್ಲದೆ ಟನ್ನಿಗೆ ಎಷ್ಟು ಅಂತ ಯಾವ ಲೆಕ್ಕದಲ್ಲಿ ಬರೆಯುತ್ತೀರಿ?

ಎರಡನೆಯದು. ನಮ್ಮ ದೇಶದಲ್ಲಿ ದುಡ್ಡು ಹರಿಯುವ ದಿಕ್ಕೇ ಉಲ್ಟಾ. ಟಿಪ್ಪಿಂಗ್ ಫೀ ಅಂತ ನಗರಸಂಸ್ಥೆ ಗುತ್ತಿಗೆದಾರನಿಗೆ ಟನ್ ಲೆಕ್ಕದಲ್ಲಿ ಕೊಡುತ್ತದೆ. ಟನ್ ಜಾಸ್ತಿ ಬಂದಷ್ಟೂ ಅವನಿಗೆ ಲಾಭ. ಕಸ ಕಡಿಮೆ ಮಾಡಿ ಅಂತ ಅವನು ಯಾಕೆ ಹೇಳುತ್ತಾನೆ? ಮಳೆಗಾಲದಲ್ಲಿ ಒದ್ದೆ ಕಸ ತೂಗಿದರೆ ನೀರಿಗೂ ದುಡ್ಡು ಬಂತು ಅಂತ ಖುಷಿಪಡುತ್ತಾನೆ.

ಮೂರನೆಯದು, 2016ರ ನಿಯಮದಲ್ಲೇ ಇದೆಲ್ಲ ಅರ್ಧ ಇತ್ತು. ಮರುಬಳಕೆಗೂ ಬಾರದ, ಕೊಳೆಯದ, ಉರಿಯದ ಕಸ ಮಾತ್ರ ಲ್ಯಾಂಡ್‌ಫಿಲ್‌ಗೆ ಹೋಗಬೇಕು ಅಂತ ಆಗಲೇ ಬರೆದಿದ್ದರು. ಮನೆಮನೆಯಿಂದ ಬಳಕೆದಾರರ ಶುಲ್ಕ ವಸೂಲಿ ಮಾಡಿ ಅಂತಲೂ ಇತ್ತು. ಬರೆದದ್ದಕ್ಕೆ ಬೆಲೆ ಕಟ್ಟಿರಲಿಲ್ಲ. ಈಗ ಬೆಲೆ ಕಟ್ಟುತ್ತಿದ್ದಾರೆ. ಅಷ್ಟರಮಟ್ಟಿಗೆ ನಾನು ಹೊಸ ನಿಯಮದ ಪರ.

ಸೆಸ್ ಸಂತ್ರಸ್ತ

ಜೆ.ಇ. ಸಾಹೇಬ್ರೇ, ಬೆಲೆ ಕಟ್ಟುವವರು ಯಾರು ಅಂತ ಹೇಳಲಿಲ್ಲ. 2022ರಲ್ಲಿ ಹಸಿರು ನ್ಯಾಯಮಂಡಳಿ ತ್ಯಾಜ್ಯ ನಿರ್ವಹಣೆ ಸರಿ ಇಲ್ಲ ಅಂತ ಕರ್ನಾಟಕ ಸರ್ಕಾರಕ್ಕೆ 2,900 ಕೋಟಿ ರೂಪಾಯಿ ಪರಿಹಾರ ಹಾಕಿತು. ಆ ಸುದ್ದಿ ಓದಿ ನಿಮ್ಮ ಓಣಿಯಲ್ಲಿ ಎಷ್ಟು ಜನ ಹಸಿ ಕಸ ಬೇರೆ ಮಾಡಿದರು? ಸರ್ಕಾರ ಸರ್ಕಾರಕ್ಕೆ ದಂಡ ಹಾಕುತ್ತದೆ, ದುಡ್ಡು ಈ ಖಾತೆಯಿಂದ ಆ ಖಾತೆಗೆ ಹೋಗುತ್ತದೆ. ನಮ್ಮ ಬಕೆಟ್ ಹಾಗೇ ಇರುತ್ತದೆ.

ಗೋಕುಲ ರೋಡ್ ಖಜಾಂಚಿ

ನನ್ನ ಅನುಮಾನವೂ ಇದೇ.

ಮಾಳಮಡ್ಡಿ ಕಾಕೂ

ನೀವು ಗಂಡಸರು ಪೌಂಡು, ಕೋಟಿ ಅಂತ ಎಲ್ಲೆಲ್ಲೋ ಹೋದಿರಿ. ಅಡುಗೆಮನೆಗೆ ಬನ್ನಿ ಸ್ವಲ್ಪ. ಮನೆ ಕಸದಲ್ಲಿ ಅರ್ಧಕ್ಕೂ ಜಾಸ್ತಿ ಹಸಿದು. ಸೊಪ್ಪಿನ ದಂಟು, ಈರುಳ್ಳಿ ಸಿಪ್ಪೆ, ಚಹಾ ಚರಟ, ತಂಗಳು. ನಮ್ಮ ಹಿತ್ತಲಿನಲ್ಲಿ ಮೊದಲಿಂದ ತಿಪ್ಪೆಗುಂಡಿ ಇದೆ. ಈಗ ಅದರ ಬದಲು ಎರಡು ಡ್ರಮ್ ಇಟ್ಟಿದ್ದೇನೆ. ಒಂದು ತುಂಬಿದ ಮೇಲೆ ಮುಚ್ಚಿಟ್ಟು ಇನ್ನೊಂದು ಶುರು. ಒಣಗಿದ ಎಲೆ ಜೊತೆ ಹಾಕಿದರೆ ವಾಸನೆ ಬರಲ್ಲ. ಮಲ್ಲಿಗೆ ಬಳ್ಳಿಗೆ ಅದೇ ಗೊಬ್ಬರ.

ನನ್ನ ತಕರಾರು ಬೇರೆ. ನಾನು ಹಸಿ ಕಸ ಒಂದು ಚಮಚೆಯಷ್ಟೂ ಗಾಡಿಗೆ ಕೊಡಲ್ಲ. ಪಕ್ಕದ ಮನೆಯವರು ದಿನಾ ಎರಡು ಚೀಲ ಕೊಡುತ್ತಾರೆ. ಸೆಸ್ ಇಬ್ಬರಿಗೂ ಒಂದೇ. ಇದ್ಯಾವ ನ್ಯಾಯ?

ನಿವೃತ್ತ ಜೆ.ಇ., ನವನಗರ

ಕಾಕೂ ಸರಿಯಾದ ಜಾಗಕ್ಕೇ ಕೈ ಹಾಕಿದರು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಮನೆಗಳಿಗೆ ಕಸದ ಶುಲ್ಕ ತಂದರಲ್ಲ, ತಿಂಗಳಿಗೆ 10 ರೂಪಾಯಿಯಿಂದ 400ರವರೆಗೆ. ಅದು ಮನೆಯ ಚದರಡಿ ಲೆಕ್ಕ. 3,500 ಚದರಡಿ ಮನೆಯಲ್ಲಿ ಇಬ್ಬರೇ ವಯಸ್ಸಾದವರಿದ್ದರೂ 200 ರೂಪಾಯಿ. ಸಣ್ಣ ಮನೆಯಲ್ಲಿ ಆರು ಜನ ಇದ್ದು ಕಸದ ರಾಶಿ ಹಾಕಿದರೂ ಕಡಿಮೆ. ವಸೂಲಿಗೆ ಸುಲಭ, ಒಪ್ಪುತ್ತೇನೆ. ಬಡವರಿಗೆ ಹೊರೆ ಆಗದಿರಲಿ ಅನ್ನುವ ಉದ್ದೇಶವೂ ಇರಬಹುದು. ಆದರೆ ಕಸ ಕಡಿಮೆ ಮಾಡಿದವರಿಗೆ ಒಂದು ಪೈಸೆ ಉಳಿಯುವುದಿಲ್ಲ. ಹತ್ತು ಜನ ಹೋಟೆಲ್‌ಗೆ ಹೋಗಿ ಬಿಲ್ ಸಮನಾಗಿ ಹಂಚಿಕೊಂಡಂಗೆ. ಬರೀ ಚಹಾ ಕುಡಿದವನು ಮಾತ್ರ ಬೇಜಾರಾಗುತ್ತಾನೆ.

ಮಗಳು ಸಿಯೋಲ್‌ನಲ್ಲಿ

ಕಾಕೂ ಅವರ ಪ್ರಶ್ನೆಗೆ ಕೊರಿಯಾದಲ್ಲಿ ಉತ್ತರ ಇದೆ. ಅಲ್ಲಿ 1995ರಿಂದ ಸರ್ಕಾರಿ ಚೀಲ ಪದ್ಧತಿ. ಕಸ ಹಾಕಲು ನಿಗದಿ ಚೀಲವನ್ನೇ ಅಂಗಡಿಯಲ್ಲಿ ಕೊಳ್ಳಬೇಕು. ಚೀಲದ ಬೆಲೆಯಲ್ಲೇ ಕಸದ ಶುಲ್ಕ ಸೇರಿರುತ್ತದೆ. ಮರುಬಳಕೆ ಸಾಮಾನು ಬೇರೆ ಕೊಟ್ಟರೆ ಪುಕ್ಕಟೆ. 2005ರಿಂದ ಊಟದ ಕಸವನ್ನು ನೇರ ಹೂಳುವುದಕ್ಕೆ ನಿಷೇಧ. ಮಗಳ ಅಪಾರ್ಟ್‌ಮೆಂಟಿನಲ್ಲಿ ಊಟದ ಕಸದ ಡಬ್ಬಿಗೆ ಕಾರ್ಡ್ ತೋರಿಸಿದರೆ ಮುಚ್ಚಳ ತೆರೆಯುತ್ತದೆ, ಹಾಕಿದ್ದನ್ನು ಅದೇ ತೂಗುತ್ತದೆ, ತಿಂಗಳ ಕೊನೆಗೆ ಬಿಲ್. ನಾನು ಹೋದಾಗ ಕಲ್ಲಂಗಡಿ ಸಿಪ್ಪೆ ಹಾಕಲು ಹೋದರೆ ಮಗಳು "ಅಪ್ಪಾ, ಮೊದಲು ಹೆಚ್ಚಿ ನೀರು ಇಳಿಸು, ತೂಕ ಬರುತ್ತದೆ" ಅಂದಳು. ನನಗೆ ನಗು ಬಂತು.

ಅಲ್ಲಿ ಹೂಳುವ ಮತ್ತು ಸುಡುವ ಕಸ ಎರಡಕ್ಕೂ 2018ರಿಂದ ಬೇರೆ ಶುಲ್ಕವೂ ಇದೆ.

ಸೆಸ್ ಸಂತ್ರಸ್ತ

ಇಲ್ಲಿ ಆ ಡಬ್ಬಿ ಇಟ್ಟರೆ ಮೊದಲನೇ ವಾರ ಡಬ್ಬಿಯೇ ಗುಜರಿಗೆ ಹೋಗುತ್ತದೆ. 😄

ವಿದ್ಯಾನಗರ ಪಿಜಿ ಹುಡುಗ

ಚೀಲಕ್ಕೆ ದುಡ್ಡು ಅಂದರೆ ನಮ್ಮ ಪಿಜಿ ಅಂಕಲ್ ರಾತ್ರಿ ಎದುರಿನ ಖಾಲಿ ಸೈಟ್‌ಗೆ ಎಸೆಯುತ್ತಾರೆ. ಬರೆದಿಟ್ಟುಕೊಳ್ಳಿ.

ಮಗಳು ಸಿಯೋಲ್‌ನಲ್ಲಿ

ಅಲ್ಲೂ ಶುರುವಿನಲ್ಲಿ ಹಾಗೇ ಆಯಿತಂತೆ ತಮ್ಮಾ. ದಂಡ ಹಾಕಿದರು. ಎಸೆದ ಚೀಲ ಬಿಚ್ಚಿ ಒಳಗಿನ ಬಿಲ್, ಪಾರ್ಸೆಲ್ ಚೀಟಿ ನೋಡಿ ಮನೆ ಹುಡುಕುತ್ತಿದ್ದರು ಅಂತ ಮಗಳ ಮನೆ ಮಾಲಕಿ ಹೇಳುತ್ತಿದ್ದರು.

ಖಾನಾವಳಿ ನಡೆಸುವವ

ನಾನು ದುಡಿಯುವವನ ಮಾತು ಹೇಳುತ್ತೇನೆ. ನಮ್ಮದು ಸಣ್ಣ ಖಾನಾವಳಿ. ರೊಟ್ಟಿ, ಪಲ್ಯ, ಅನ್ನ, ಸಾರು. ಉಳಿದದ್ದನ್ನು ಹಂದಿ ಸಾಕುವವರು ಬಂದು ಒಯ್ಯುತ್ತಾರೆ, ಕಾಯಿಪಲ್ಯೆ ಸಿಪ್ಪೆ ಎಮ್ಮೆ ಇರುವವರು ಒಯ್ಯುತ್ತಾರೆ. ನನ್ನಿಂದ ಯಾರ್ಡ್‌ಗೆ ಹೋಗುವುದು ಬಹಳ ಕಡಿಮೆ. ತೂಕದ ಮೇಲೆ ಶುಲ್ಕ ಹಾಕಿದರೆ ನನಗೆ ಲಾಭವೇ.

ಕಲ್ಯಾಣ ಮಂಟಪಗಳನ್ನು ಹಿಡಿಯಿರಿ ಮೊದಲು. ಹೋದ ಮದುವೆ ಸೀಸನ್‌ನಲ್ಲಿ ಒಂದು ಮಂಟಪಕ್ಕೆ ಅಡುಗೆ ಕಾಂಟ್ರಾಕ್ಟ್ ಮಾಡಿದ್ದೆ. ಎಲೆ, ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ, ಉಳಿದ ಜಿಲೇಬಿ, ಹೂವಿನ ಹಾರ, ಥರ್ಮಾಕೋಲ್, ಎಲ್ಲ ಒಂದೇ ಟ್ರ್ಯಾಕ್ಟರ್‌ಗೆ. "ಬೇರೆ ಮಾಡೋಣ" ಅಂದರೆ ಮ್ಯಾನೇಜರ್ "ಮುಂದಿನ ಮದುವೆಯವರು ಗೇಟಿನಲ್ಲಿ ನಿಂತಿದ್ದಾರೆ" ಅಂದ. ಅಂಥ ಕಡೆ ಟನ್ನಿಗೆ ಸಾವಿರಗಟ್ಟಲೆ ಹಾಕಿ. ಮದುವೆಗೆ ಲಕ್ಷ ಲಕ್ಷ ಖರ್ಚು ಮಾಡುವವರಿಗೆ ಎರಡು ಡಬ್ಬಿ, ಇಬ್ಬರು ಆಳು ಭಾರ ಅಲ್ಲ.

ನಿವೃತ್ತ ಜೆ.ಇ., ನವನಗರ

ಅದಕ್ಕೇ ನಿಯಮದಲ್ಲಿ ದೊಡ್ಡ ಉತ್ಪಾದಕರು ಅಂತ ಬೇರೆ ವರ್ಗ ಇದೆ. ದಿನಕ್ಕೆ 100 ಕೆಜಿ ಕಸ, ಅಥವಾ 20,000 ಚದರ ಮೀಟರ್ ಕಟ್ಟಡ, ಅಥವಾ ದಿನಕ್ಕೆ 40,000 ಲೀಟರ್ ನೀರಿನ ಬಳಕೆ, ಇದರಲ್ಲಿ ಯಾವುದಾದರೂ ಒಂದು ದಾಟಿದರೆ ಜವಾಬ್ದಾರಿ ಅವರದು. ಖಜಾಂಚಿ ಸರ್, ನಿಮ್ಮ 48 ಮನೆಗೆ ಮನೆಗೆ ನಾಲ್ಕು ಜನ ಅಂತ ಹಿಡಿದರೆ 192 ಜನ. ತಲೆಗೆ 400 ಗ್ರಾಂ ಹಿಡಿದರೂ 77 ಕೆಜಿ. ಅರ್ಧ ಕೆಜಿ ಮೇಲೆ ಹೋದರೆ 100 ಹತ್ತಿರ. ನೀವು ಗೆರೆಯ ಮೇಲೇ ನಿಂತಿದ್ದೀರಿ. ಒಂದು ವಾರ ತೂಗಿಸಿ ನೋಡಿ.

ವಿದ್ಯಾನಗರ ಪಿಜಿ ಹುಡುಗ

ದಿನಕ್ಕೆ 40,000 ಲೀಟರ್ ನೀರು! ಅಷ್ಟು ನೀರು ಬಂದ ದಿನ ನಾವು ಕಸ ಮರೆತು ಹಬ್ಬ ಮಾಡುತ್ತೇವೆ.

ಬೆಟಗೇರಿ ಪ್ರೆಸ್

ಗದಗಿನಿಂದ ಒಂದು ಮಾತು. ನಮ್ಮೂರಿನಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳಿಗೆ ಬರವಿಲ್ಲ. ಪ್ರೆಸ್‌ನಲ್ಲಿ ದಿನಾ ಕಾಗದದ ಕಟಿಂಗ್ ರಾಶಿ ಬೀಳುತ್ತದೆ. ಒಂದು ಚೂರೂ ಕಸದ ಗಾಡಿಗೆ ಹೋಗಲ್ಲ. ಯಾಕೆ? ರದ್ದಿಯವನು ಕೆಜಿಗೆ ದುಡ್ಡು ಕೊಡುತ್ತಾನೆ. ಯಾವ ನಿಯಮ, ಯಾವ ತೆರಿಗೆ ಇಲ್ಲದೆ ವಿಂಗಡಣೆ ನಡೆಯುತ್ತಿದೆ. ಬಿಳಿ ಕಟಿಂಗ್ ಬೇರೆ, ಬಣ್ಣದ್ದು ಬೇರೆ, ರಟ್ಟು ಬೇರೆ, ಹುಡುಗರಿಗೆ ಹೇಳಿಕೊಡುವುದೇ ಬೇಡ. ಬೆಲೆ ಇಲ್ಲದ ಸಾಮಾನು ಮಾತ್ರ ಯಾರ್ಡ್‌ಗೆ ಹೋಗುತ್ತದೆ. ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಚಿಪ್ಸ್ ಪಾಕೀಟು, ಮಕ್ಕಳ ಡೈಪರ್. ಹೂಳುವುದಕ್ಕೆ ಶುಲ್ಕ ಹಾಕಿದರೆ ಸ್ಯಾಶೆಗೆ ಗಿರಾಕಿ ಹುಟ್ಟುತ್ತಾನಾ? ತಯಾರು ಮಾಡಿದ ಕಂಪನಿಯಿಂದಲೇ ವಸೂಲಿ ಮಾಡಬೇಕು.

ಸೆಸ್ ಸಂತ್ರಸ್ತ

ಮೊದಲ ಸಲ ಈ ಚರ್ಚೆಯಲ್ಲಿ ಯಾರೋ ನನ್ನ ಪರ ಮಾತಾಡಿದರು. ಗದಗಿನವರಿಗೆ ಒಂದು ಚಹಾ ಬಾಕಿ.

ಬ್ಯಾಡಗಿ ಮಂಡಿ

ಹಾವೇರಿ ಜಿಲ್ಲೆಯವರನ್ನೂ ಸೇರಿಸಿಕೊಳ್ಳಿ. ಮೆಣಸಿನಕಾಯಿ ಸೀಸನ್‌ನಲ್ಲಿ ತೊಟ್ಟು, ಬೀಜ, ಧೂಳು, ಹರಿದ ಗೋಣಿಚೀಲ ಬರುವುದಕ್ಕೆ ಲೆಕ್ಕವಿಲ್ಲ. ಸೀಸನ್ ಮುಗಿದ ಮೇಲೆ ಏನೂ ಇಲ್ಲ. ನಮಗೆ ಚದರಡಿ ಲೆಕ್ಕದಲ್ಲಿ ವರ್ಷವಿಡೀ ಶುಲ್ಕ ಬೇಡ, ತೂಕದ ಲೆಕ್ಕ ಬೇಕು. ಬೀಜಕ್ಕೆ ಎಣ್ಣೆ ತೆಗೆಯುವವರಿಂದ ಬೇಡಿಕೆ ಇದೆ. ತೊಟ್ಟಿಗೇ ತೊಂದರೆ. ಗೊಬ್ಬರಕ್ಕೆ ಹಾಕಿದರೆ ಕೊಳೆಯಲು ಬಹಳ ದಿನ ಹಿಡಿಯುತ್ತದೆ, ಸುಟ್ಟರೆ ಇಡೀ ಊರು ಕೆಮ್ಮುತ್ತದೆ.

ಅಮರಗೋಳ ಅಡತಿ

ಕೊಳೆತ ಉಳ್ಳಾಗಡ್ಡಿಗೂ ಒಂದು ದಾರಿ ಹೇಳ್ರಪ್ಪಾ. ರೇಟ್ ಬಿದ್ದ ವರ್ಷ ರೈತ ಚೀಲ ಇಳಿಸಿ ಹಾಗೇ ಬಿಟ್ಟು ಹೋಗುತ್ತಾನೆ. ಅದರ ಶುಲ್ಕ ಯಾರು ಕಟ್ಟಬೇಕು? ರೈತನಾ, ನಾನಾ?

ಬ್ಯಾಡಗಿ ಮಂಡಿ

ನೀವೇ ಕಟ್ಟಬೇಕು, ಕಮಿಷನ್ ಬಿಡಲ್ವಲ್ಲ ನೀವು. (ತಮಾಷೆ ರೀ, ನಾನೂ ಅಡತಿಯವನೇ.)

ಧಾರವಾಡ ಕೃಷಿ ವಿದ್ಯಾರ್ಥಿ

ಉಳ್ಳಾಗಡ್ಡಿ, ಹಣ್ಣು, ತರಕಾರಿ ಕಸ ಬಯೋಗ್ಯಾಸ್‌ಗೆ ಬಹಳ ಒಳ್ಳೆಯದು ಸರ್. ಉಳ್ಳಾಗಡ್ಡಿ ಒಂದನ್ನೇ ಹಾಕಿದರೆ ಹುಳಿ ಜಾಸ್ತಿಯಾಗಿ ಗ್ಯಾಸ್ ನಿಲ್ಲುತ್ತದೆ, ಸಗಣಿ ಜೊತೆ ಬೆರೆಸಬೇಕು. ಹಸಿ ಕಸ ಗುಡ್ಡದ ಒಳಗೆ ಗಾಳಿ ಇಲ್ಲದೆ ಕೊಳೆತಾಗ ಅದೇ ಮೀಥೇನ್ ಹುಟ್ಟುತ್ತದೆ. ಬೇಸಿಗೆಯಲ್ಲಿ ಕಸದ ಗುಡ್ಡಗಳಿಗೆ ಬೆಂಕಿ ಹತ್ತುವುದಕ್ಕೂ ಅದೇ ದೊಡ್ಡ ಕಾರಣ. ಡಬ್ಬಿಯೊಳಗೆ ಹಿಡಿದರೆ ಒಲೆ ಉರಿಯುತ್ತದೆ, ಬಯಲಲ್ಲಿ ಬಿಟ್ಟರೆ ಗುಡ್ಡ ಉರಿಯುತ್ತದೆ.

ಟ್ರ್ಯಾಕ್ಟರ್ ಮಾಲೀಕ, ಹಳೇ ಹುಬ್ಬಳ್ಳಿ

ನನ್ನದೂ ಒಂದು ಪ್ರಶ್ನೆ ಇದೆ. ಊರಲ್ಲಿ ಶುಲ್ಕ ಇದ್ದು ಪಕ್ಕದ ಹಳ್ಳಿಯಲ್ಲಿ ಇಲ್ಲದಿದ್ದರೆ? ನನ್ನ ಟ್ರ್ಯಾಕ್ಟರ್‌ಗೆ ಪಂಚಾಯ್ತಿ ಗಡಿ ಕಾಣುವುದಿಲ್ಲ.

ಕೇಶ್ವಾಪುರ ಟು ಲೀಡ್ಸ್

ಇದಕ್ಕೆ ಆಸ್ಟ್ರೇಲಿಯಾ ಕಥೆ ಸರಿಯಾಗಿ ಹೊಂದುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಲ್ಯಾಂಡ್‌ಫಿಲ್ ಶುಲ್ಕ ಇತ್ತು. ಪಕ್ಕದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇರಲಿಲ್ಲ. ಸಿಡ್ನಿಯ ಕಸ ಲಾರಿ ಹತ್ತಿ ನೂರಾರು ಕಿಲೋಮೀಟರ್ ಆಚೆ ಹೋಗಿ ಕ್ವೀನ್ಸ್‌ಲ್ಯಾಂಡ್ ಹೊಂಡಕ್ಕೆ ಬೀಳುತ್ತಿತ್ತು. ಡೀಸೆಲ್ ಖರ್ಚು ಮಾಡಿದರೂ ಲಾಭ! ಕೊನೆಗೆ 2019ರ ಜುಲೈ 1ರಿಂದ ಕ್ವೀನ್ಸ್‌ಲ್ಯಾಂಡ್ ಕೂಡ ಶುಲ್ಕ ಹಾಕಿತು. ಅಂದರೆ ಒಂದು ಊರು ಮಾತ್ರ ಹಾಕಿದರೆ ಉಪಯೋಗ ಇಲ್ಲ. ಕನಿಷ್ಠ ಜಿಲ್ಲೆಗೆ ಒಂದೇ ದರ ಇರಬೇಕು.

ನಿವೃತ್ತ ಜೆ.ಇ., ನವನಗರ

ಹಳ್ಳಿಯವರ ಮಾತು ಬಂತಲ್ಲ, ಮಂಡೂರು ನೆನಪಿರಲಿ. ಬೆಂಗಳೂರಿನ ಕಸ ವರ್ಷಗಟ್ಟಲೆ ಆ ಊರಿಗೆ ಹೋಯಿತು. ಜನ ರಸ್ತೆಗೆ ಇಳಿದ ಮೇಲೆ 2014ರ ಡಿಸೆಂಬರ್ 1ರಿಂದ ನಿಲ್ಲಿಸಿದರು. ಸುರಿಯುವುದು ಪುಕ್ಕಟೆ ಅನ್ನುತ್ತೇವೆ. ಅದರ ಬೆಲೆಯನ್ನು ಅಲ್ಲಿಯ ಬಾವಿ, ಅಲ್ಲಿಯ ನೊಣ, ಅಲ್ಲಿಯ ಮಕ್ಕಳು ಕಟ್ಟುತ್ತಾರೆ. ಬ್ರಿಟನ್ನಿನಲ್ಲಿ ಈ ತೆರಿಗೆಯ ಒಂದು ಭಾಗವನ್ನು ಲ್ಯಾಂಡ್‌ಫಿಲ್ ಸುತ್ತಲಿನ ಊರಿನ ಕೆಲಸಕ್ಕೆ ಕೊಡುವ ವ್ಯವಸ್ಥೆ ಇತ್ತು ಅಂತ ಓದಿದ ನೆನಪು. ಹೌದಾ ಲೀಡ್ಸ್?

ಕೇಶ್ವಾಪುರ ಟು ಲೀಡ್ಸ್

ಹೌದು ಸರ್, ಈಗಲೂ ಇದೆ. ಲ್ಯಾಂಡ್‌ಫಿಲ್ ನಡೆಸುವವರು ಹತ್ತಿರದ ಊರಿನ ಪಾರ್ಕ್, ಸಮುದಾಯ ಭವನದಂಥ ಕೆಲಸಕ್ಕೆ ದುಡ್ಡು ಕೊಟ್ಟರೆ ತೆರಿಗೆಯಲ್ಲಿ ಅದರ ಬಹುಪಾಲು ವಿನಾಯಿತಿ ಸಿಗುತ್ತದೆ. ಇನ್ನೊಂದು ಹೇಳಲೇಬೇಕು. 1996ರಲ್ಲಿ ಈ ತೆರಿಗೆ ತಂದಾಗ ಕಂಪನಿಗಳು ನೌಕರರ ವಿಮೆಗೆ ಕಟ್ಟುವ ಮೊತ್ತವನ್ನು ಸ್ವಲ್ಪ ಇಳಿಸಿದರು. ಕಸದ ಮೇಲೆ ಹಾಕಿ, ದುಡಿಮೆಯ ಮೇಲೆ ಇಳಿಸಿದರು. ಸೆಸ್ ಸಂತ್ರಸ್ತರು ಇದನ್ನು ಗಮನಿಸಬೇಕು.

ಸೆಸ್ ಸಂತ್ರಸ್ತ

ಗಮನಿಸಿದೆ. ನಮ್ಮಲ್ಲಿ ಇಳಿಸುವ ಭಾಗ ಮರೆತು ಹಾಕುವ ಭಾಗ ಮಾತ್ರ ತರುತ್ತಾರೆ.

ಅಂದಹಾಗೆ, ಹತ್ತಕ್ಕಿಂತ ಕಡಿಮೆ ಹೂಳುತ್ತೇವೆ ಅಂದಿರಿ. ಉಳಿದದ್ದೆಲ್ಲ ಮರುಬಳಕೆನಾ? ನಿಜ ಹೇಳಿ.

ಕೇಶ್ವಾಪುರ ಟು ಲೀಡ್ಸ್

ಅಲ್ಲ. ಕೌನ್ಸಿಲ್ ಕಸದಲ್ಲಿ ಸುಮಾರು ಅರ್ಧ ಈಗ ಸುಡುವ ಘಟಕಕ್ಕೆ ಹೋಗುತ್ತದೆ, ಕರೆಂಟ್ ಮಾಡುತ್ತಾರೆ. ಮರುಬಳಕೆ ಪ್ರಮಾಣ ಸುಮಾರು ವರ್ಷದಿಂದ ಮುಂದೆ ಹೋಗಿಲ್ಲ.

ಸೆಸ್ ಸಂತ್ರಸ್ತ

ನೋಡಿದಿರಾ! ಹೂಳುವುದಕ್ಕೆ ಸುಂಕ ಹಾಕಿದರೆ ಸುಡುತ್ತಾರೆ. ಕಸ ಕಡಿಮೆ ಆಗಲಿಲ್ಲ, ಜಾಗ ಬದಲಾಯಿತು ಅಷ್ಟೇ.

ಧಾರವಾಡ ಕೃಷಿ ವಿದ್ಯಾರ್ಥಿ

ಪೂರ್ತಿ ಒಪ್ಪಲ್ಲ. ಮೀಥೇನ್ ಕಡಿಮೆಯಾಗಿದ್ದು ಸಣ್ಣ ವಿಷಯ ಅಲ್ಲ. ಆದರೆ ಸುಡುವುದಕ್ಕೂ ಶುಲ್ಕ ಇರಬೇಕು, ಕೊರಿಯಾದವರ ಹಾಗೆ. ನಮ್ಮಲ್ಲಿ ಸುಡುವುದು ಇನ್ನೂ ಕಷ್ಟ. ನಮ್ಮ ಕಸ ಒದ್ದೆ. ಒದ್ದೆ ಕಸ ಸುಡಲು ಬೇರೆ ಇಂಧನವೇ ಹಾಕಬೇಕಾಗುತ್ತದೆ. ವಿಂಗಡಿಸಿದ ಒಣ ಪ್ಲಾಸ್ಟಿಕ್ ಆದರೆ ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಕಲ್ಲಿದ್ದಲಿನ ಬದಲು ಹಾಕಬಹುದು. ಹೊಸ ನಿಯಮದಲ್ಲಿ ಅಂಥ ಇಂಧನದ ಪಾಲನ್ನು ಶೇ 5ರಿಂದ ಆರು ವರ್ಷದಲ್ಲಿ ಶೇ 15ಕ್ಕೆ ಏರಿಸಬೇಕು ಅಂತ ಇದೆ. ಆದರೆ ಕಲಬುರಗಿವರೆಗೆ ಲಾರಿ ಬಾಡಿಗೆ ಯಾರು ಕೊಡಬೇಕು? ಹೂಳುವುದು ಪುಕ್ಕಟೆ ಇರುವವರೆಗೆ ಆ ಬಾಡಿಗೆ ನಷ್ಟವೇ. ಹೂಳಲು ಶುಲ್ಕ ಬಂದರೆ ಅದೇ ಬಾಡಿಗೆ ಅಗ್ಗ ಅನಿಸುತ್ತದೆ.

ಬೆಟಗೇರಿ ಪ್ರೆಸ್

ಹೀಗೆ ಹೇಳಿದರೆ ಅರ್ಥ ಆಗುತ್ತದೆ. ಅಂದರೆ ನನ್ನ ಚಿಪ್ಸ್ ಪಾಕೀಟಿಗೂ ಗಿರಾಕಿ ಸಿಗಬಹುದು.

ದುರ್ಗದಬೈಲ್ ಗಿರ್ಮಿಟ್

ಚಿಪ್ಸ್ ತಿನ್ನುವುದು ಬಿಟ್ಟು ಗಿರ್ಮಿಟ್ ತಿನ್ನಿ. ಕಾಗದದಲ್ಲಿ ಕಟ್ಟಿ ಕೊಡುತ್ತಾರೆ, ಕಸವೂ ಕಡಿಮೆ.

ಮಾಳಮಡ್ಡಿ ಕಾಕೂ

ಪೇಪರ್‌ನಲ್ಲಿ ಕಟ್ಟಿದ್ದನ್ನು ತಿನ್ನಬೇಡಪ್ಪಾ, ಮಸಿ ಹೊಟ್ಟೆಗೆ ಹೋಗುತ್ತದೆ. ಮನೆಯಿಂದ ಡಬ್ಬಿ ಒಯ್ಯಿ.

ದುರ್ಗದಬೈಲ್ ಗಿರ್ಮಿಟ್

ಡಬ್ಬಿಯಲ್ಲಿ ಹಾಕಿಸಿಕೊಂಡರೆ ಮನೆ ಮುಟ್ಟುವಷ್ಟರಲ್ಲಿ ಚುರುಮುರಿ ಮೆತ್ತಗಾಗುತ್ತದೆ ಕಾಕೂ. ಅಲ್ಲೇ ನಿಂತು ತಿನ್ನಬೇಕು. ಪೇಡೆಯವರಿಗೆ ಕೇಳಿ ಡಬ್ಬಿ ವಿಷಯ. ಕಾಲು ಕೆಜಿ ಪೇಡೆಗೆ ರಟ್ಟಿನ ಡಬ್ಬಿ, ಒಳಗೆ ಬಟರ್ ಪೇಪರ್, ಮೇಲೆ ಕೈಚೀಲ.

ವೇದಿಕೆ ನಿರ್ವಾಹಕ

ಗಿರ್ಮಿಟ್, ಪೇಡೆಗೆ ಬೇರೆ ಚರ್ಚೆ ಇದೆ. ಇಲ್ಲಿ ಕಸ.

ಟ್ರ್ಯಾಕ್ಟರ್ ಮಾಲೀಕ, ಹಳೇ ಹುಬ್ಬಳ್ಳಿ

ಚಿಂದಿ ಆಯುವವರ ಬಗ್ಗೆ ಯಾರೂ ಮಾತಾಡಲಿಲ್ಲ. ಅವರು ಯಾರ್ಡ್‌ನಿಂದ, ರಸ್ತೆಯಿಂದ ಆರಿಸಿ ಒಯ್ಯುವ ಒಂದೊಂದು ಕೆಜಿಯೂ ಹೂಳದೆ ಉಳಿದ ಕೆಜಿ. ಶುಲ್ಕ ಬಂದ ಮೇಲೆ ಆ ಒಂದು ಕೆಜಿಗೆ ನಗರಸಂಸ್ಥೆಗೆ ದುಡ್ಡು ಉಳಿಯುತ್ತದೆ. ಅದರಲ್ಲಿ ಅವರಿಗೆ ಪಾಲು ಕೊಡುತ್ತಾರಾ? ಗೇಟು, ಬೇಲಿ, ವೇಬ್ರಿಜ್ ಬಂದರೆ ಮೊದಲು ಹೊರಗೆ ಬೀಳುವವರೇ ಅವರು.

ನಿವೃತ್ತ ಜೆ.ಇ., ನವನಗರ

ಗಟ್ಟಿ ಮಾತು. ಗುರುತಿನ ಚೀಟಿ ಕೊಟ್ಟು ವಿಂಗಡಣೆ ಕೇಂದ್ರದಲ್ಲಿ ಕೆಲಸ ಕೊಡಬೇಕು ಅಂತ 2016ರ ನಿಯಮದಲ್ಲೇ ಅವರನ್ನು ಸೇರಿಸಿಕೊಳ್ಳುವ ಮಾತಿದೆ. ಶುಲ್ಕದ ದುಡ್ಡು ಬೇರೆ ಖಾತೆಯಲ್ಲಿ ಇಟ್ಟರೆ ಇದಕ್ಕೆ ಬಳಸಬಹುದು. ಸಾಮಾನ್ಯ ಖಾತೆಗೆ ಹೋದರೆ ರಸ್ತೆ ಡಾಂಬರಿಗೆ ಹೋಯಿತು ಅಂತ ತಿಳಿಯಿರಿ.

ಗೋಕುಲ ರೋಡ್ ಖಜಾಂಚಿ

ಎಲ್ಲರಿಗೂ ಧನ್ಯವಾದ. ನಾನು ಸಭೆಗೆ ಮೂರು ವಿಷ್ಯ ಇಡುತ್ತೇನೆ. ಒಂದು ವಾರ ಕಸ ತೂಗಿಸುವುದು. ಹಸಿ ಕಸಕ್ಕೆ ಹಿಂದಿನ ಜಾಗದಲ್ಲಿ ಕಾಕೂ ಹೇಳಿದ ಡ್ರಮ್ ಇಡುವುದು. ಕಸ ಕಲಸಿ ಕೊಟ್ಟ ಮನೆಗೆ ನಿರ್ವಹಣೆ ಶುಲ್ಕದಲ್ಲಿ ಸ್ವಲ್ಪ ಜಾಸ್ತಿ ಹಾಕುವುದು. ಮೂರನೆಯದಕ್ಕೆ ಬೈಗುಳ ಗ್ಯಾರಂಟಿ.

ಸೆಸ್ ಸಂತ್ರಸ್ತ

ಜಾಸ್ತಿ ಹಾಕಬೇಡಿ. ವಿಂಗಡಿಸಿದವರಿಗೆ 50 ರೂಪಾಯಿ ಕಡಿಮೆ ಮಾಡಿ. ಲೆಕ್ಕ ಒಂದೇ, ಬೈಗುಳ ಬರಲ್ಲ.

ಗೋಕುಲ ರೋಡ್ ಖಜಾಂಚಿ

ನೀವು ತೆರಿಗೆ ವಿರೋಧಿ ಅಂದುಕೊಂಡಿದ್ದೆ, ಹಣಕಾಸು ಮಂತ್ರಿ ಆಗುವವರು! ಆಯ್ತು, ಹಾಗೇ ಇಡುತ್ತೇನೆ. ಇನ್ನೊಂದು ಸಣ್ಣ ಪ್ರಶ್ನೆ. ನಮ್ಮ ಟೆರೇಸ್ ಮೇಲೆ ಬಾಡಿಗೆಯವರು ಬಿಟ್ಟು ಹೋದ ಹತ್ತಿ ಗಾದಿ ಎರಡು ಇವೆ. ಕಸದ ಗಾಡಿಯವರು ತಗೊಳ್ಳಲ್ಲ ಅಂದರು. ಏನು ಮಾಡಲಿ?

ಟ್ರ್ಯಾಕ್ಟರ್ ಮಾಲೀಕ, ಹಳೇ ಹುಬ್ಬಳ್ಳಿ

ನನಗೆ ಕರೆಯಬೇಡಿ ಮತ್ತೆ. ಹತ್ತಿ ಅಂದರೆ ಗಾದಿ ಮಾಡುವವರಿಗೆ ಕೊಡಿ, ಹಿಂಜಿ ಹೊಸದಾಗಿ ತುಂಬಿಸುತ್ತಾರೆ. ಮಳೆ ನೀರು ತಾಗಿಲ್ಲ ತಾನೇ?